ಸಿಂದರೆಂಬ ಹೆಸರು

ನ್ಯಾಮತಿಯ ಸೀಮೆಯ ಬೆಳಗುತ್ತಿಯು ೧೨-೧೩ನೆಯ ಶತಮಾನಗಳಲ್ಲಿ ಸಿಂದರೆಂಬ ಅರಸರ ರಾಜಧಾನಿಯಾಗಿತ್ತು. ಈ ಸಿಂದರು ಯಾರು? ಪ್ರಶ್ನೆಯು ಹೊಸತಲ್ಲ. ಅವರ ಆಶ್ರಯದಲ್ಲಿದ್ದ ವಿದ್ವಾಂಸರೇ ಇದನ್ನು ಕೇಳಿಕೊಂಡು ಉತ್ತರವನ್ನು ಕಲ್ಲಿನಲ್ಲಿ ಕೊರೆಯಿಸಿದರು. ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳನ್ನು ರೈಸ್ ಸಾಹೇಬರು ೧೯೦೨ರಲ್ಲಿ ಅಚ್ಚು ಹಾಕಿಸಿದುದರಿಂದ ಅದು ನಮಗೆ ಲಭ್ಯವಾಗಿದೆ.

ಬೆಳಗುತ್ತಿಯವರ ಕಥೆಯಂತೆ, ಶಿವನಿಗೂ ಸಿಂಧುವಿಗೂ ಒಬ್ಬ ಮಗನು ಹುಟ್ಟಿದನು; ಅವನಿಗೆ ಸೈಂಧವನೆಂದು ಹೆಸರಾಯಿತು. ನಾಗರಾಜನು ಅವನ ರಕ್ಷಕನಾದನು. ಶೂರನಾಗಲೆಂದು ಕೂಸು ಹುಲಿಯ ಹಾಲು ಕುಡಿಯಿತು. ಬೆಳೆದ ಮೇಲೆ ಅವನು ಕರಹಾಟಕ್ಕೆ, ಎಂದರೆ ಇಂದಿನ ಕರಾಡಕ್ಕೆ, ಹೋಗಿ ನಾಡನ್ನು ಗೆದ್ದನು.

ಬಾಗಲಕೋಟೆಯ ಕಡೆಯ ಸಿಂದರದು ಬೇರೊಂದು ಪಾಠ. ಭೈರನಮಟ್ಟಿಯ ೧೧ನೆಯ ಶತಮಾನದ ಶಾಸನದಲ್ಲಿ ಮೂಲಪುರುಷನು ಸಿಂಧೂದೇಶದ ಅಹಿಚ್ಛತ್ರದಲ್ಲಿ ನಾಗರಾಜ ಧರಣೇಂದ್ರನಿಗೇ ಹುಟ್ಟಿದವನು. ಅವನನ್ನೂ ಹುಲಿಯೇ ಸಾಕಿತು. ಅಲ್ಲಿ ತಂದೆಯಾಗಿದ್ದ ನಾಗನು ಬೆಳಗುತ್ತಿಯಲ್ಲಿ ಬರಿಯ ಕಾವಲುಗಾರನಾಗಿದ್ದಾನೆ. ಶಿವಭಕ್ತಿಯು ಪ್ರಬಲವಾಗಿದ್ದ ನಾಡಿನಲ್ಲಿ ಇದು ಆಶ್ಚರ್ಯವಲ್ಲವೆಂದು ನಮ್ಮ ಎಣಿಕೆ.

ನದಿ, ನಾಗ, ಹುಲಿ ಎರಡು ಕಡೆಯೂ ಬಿಡದೆ ಬರುತ್ತವೆ. ಹುಲಿ ಸಿಂದರ ಲಾಂಛನ. ಭೈರನಮಟ್ಟಿಯವರ ಪತಾಕೆಯಲ್ಲಿ ನಾಗ. ‘ಸಿಂದ’ ಎಂಬ ದನಿಗೆ ಸಿಂಧುವು ಸಮೀಪ. ಕೈಯಲ್ಲಿದ್ದ ಹೆಸರು ಮತ್ತು ಲಾಂಛನಗಳಿಂದ ಪಂಡಿತರು ಹುಟ್ಟಿನ ಕಥೆಯನ್ನು ಕಟ್ಟಿರಬೇಕು. ಇದನ್ನು ಸುಳ್ಳೆಂದು ತಳ್ಳುವುದು ದುಡುಕು. ಶಬ್ದವನ್ನು ಬಿಡಿಸಿ ವಸ್ತುವಿನ ಸ್ವಭಾವವನ್ನು ತಿಳಿಯುವುದು ನಿರುಕ್ತಕಾರರ ಕಾಲದಿಂದ ಬಂದ ಶಿಸ್ತು.

ನೆರೆಯ ಕದಂಬರಲ್ಲಿ ಈ ಬೆಳವಣಿಗೆ ಇನ್ನೂ ಸ್ಪಷ್ಟ. ತಾಳಗುಂದದ ೫ನೆಯ ಶತಮಾನದ ಸ್ತಂಭಶಾಸನವು, ಮನೆಯ ಬಳಿ ಬೆಳೆದಿದ್ದ ಕದಂಬ ಮರದಿಂದ ಹೆಸರು ಬಂದಿತೆಂದು ಸರಳವಾಗಿ ಹೇಳಿ ಮುಗಿಸುತ್ತದೆ. ಶತಮಾನಗಳ ತರುವಾಯದ ಶಾಸನಗಳಲ್ಲಾದರೋ ಶಿವನ ಬೆವರ ಹನಿಯು ಕದಂಬದ ಬುಡದಲ್ಲಿ ಬಿದ್ದು ಮುಕ್ಕಣ್ಣ ವೀರನೇ ಹುಟ್ಟುತ್ತಾನೆ! ಮರವೊಂದು ಮಾತ್ರ ಕದಲಲಿಲ್ಲ. ಜಗಳೂರಿನ ಕಡೆಯ ನಾಡನ್ನಾಳಿದ ನೊಳಂಬರೂ ಕಂಚಿಯ ತ್ರಿನಯನ ಪಲ್ಲವನನ್ನು ಮೂಲಪುರುಷನೆಂದು ಹೇಳಿಕೊಂಡರು.

ಬೆಳಗುತ್ತಿಯ ಕಥೆಯಲ್ಲಿ ನಮ್ಮನ್ನು ತಡೆದು ನಿಲ್ಲಿಸುವುದು ಕರಹಾಟ. ಸಿಂಧುವನ್ನು ಹೆಸರಿನ ದನಿ ಬೇಡಿತು, ಹುಲಿಯನ್ನು ಲಾಂಛನ ಬೇಡಿತು. ಕರಹಾಟವನ್ನು ಯಾವುದೂ ಬೇಡಲಿಲ್ಲ. ಆದುದರಿಂದ ಸಿಂದರ ಹಿರಿಯರು ತುಂಗಭದ್ರೆಯ ತೀರಕ್ಕೆ ಕೃಷ್ಣೆಯ ಕಡೆಯಿಂದ ಬಂದರೆಂಬ ನೆನಪೊಂದು ಆ ಹೆಸರಿನಲ್ಲಿ ಉಳಿದಿರಬಹುದು.