ಶರ್ಲಿ ಟೆಂಪಲ್: ವಯಸ್ಸು ಕದ್ದ ಬೆಳ್ಳಿತೆರೆ

ಹಾಲಿವುಡ್‌ನ ಬಾಲತಾರೆ ಶರ್ಲಿ ಟೆಂಪಲ್‌ಗೆ ತನ್ನ ನಿಜವಾದ ವಯಸ್ಸು ಗೊತ್ತಾದದ್ದು ಹನ್ನೆರಡನೇ ಹುಟ್ಟುಹಬ್ಬದ ಹೊತ್ತಿಗೆ. ನಿನಗೀಗ ತುಂಬುತ್ತಿರುವುದು ಹದಿಮೂರು ಎಂದು ತಾಯಿ ಹೇಳಿದಾಗ ಅವಳಿಗೆ ಅಚ್ಚರಿ. ಆ ಒಂದು ವರ್ಷವನ್ನು ನುಂಗಿದ್ದು ಫಾಕ್ಸ್ ಸ್ಟುಡಿಯೊ.

ಶರ್ಲಿ ಹುಟ್ಟಿದ್ದು 1928ರ ಏಪ್ರಿಲ್ 23ರಂದು, ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ. ತಂದೆ ಜಾರ್ಜ್ ಬ್ಯಾಂಕ್ ನೌಕರ. ಮಗಳ ಮೇಲೆ ದೊಡ್ಡ ಆಸೆಯಿದ್ದದ್ದು ತಾಯಿ ಗೆರ್ಟ್ರೂಡ್ ಅವರಿಗೆ. 1931ರಲ್ಲಿ, ಮೂರು ವರ್ಷದ ಕೂಸನ್ನು ಲಾಸ್ ಏಂಜಲೀಸ್‌ನ ಮೆಗ್ಲಿನ್ ನೃತ್ಯಶಾಲೆಗೆ ಸೇರಿಸಿದರು. ನಟನೆಗೆ ಮಕ್ಕಳನ್ನು ಹುಡುಕುತ್ತ ಅಲ್ಲಿಗೆ ಬಂದ ನಿರ್ದೇಶಕ ಚಾರ್ಲ್ಸ್ ಲಾಮಾಂಟ್ ಕಣ್ಣಿಗೆ ಅವಳು ಬಿದ್ದಳು.

ಹೀಗೆ ಸಿಕ್ಕಿದ ಅವಕಾಶ 'ಬೇಬಿ ಬರ್ಲೆಸ್ಕ್ಸ್' ಎಂಬ ಕಿರುಚಿತ್ರಗಳ ಮಾಲೆ. ಪುಟ್ಟ ಮಕ್ಕಳು ಮೇಲೆ ದೊಡ್ಡವರ ಉಡುಪು ತೊಟ್ಟು, ಕೆಳಗೆ ದೊಡ್ಡ ಪಿನ್ನು ಹಾಕಿದ ಲಂಗೋಟಿ ಕಟ್ಟಿಕೊಂಡು ದೊಡ್ಡವರ ಸಿನಿಮಾಗಳನ್ನು ಅಣಕಿಸುವ ಚಿತ್ರಗಳವು. ಇಂದು ನೋಡಿದರೆ ನಗುವಿಗಿಂತ ಮುಜುಗರವೇ ಹೆಚ್ಚು. ಹಟ ಮಾಡಿದ ಮಕ್ಕಳಿಗೆ ಅಲ್ಲಿ ಶಿಕ್ಷೆಯೂ ಇತ್ತು. ಕತ್ತಲೆಯ ಕಪ್ಪು ಪೆಟ್ಟಿಗೆಯಂಥ ಪುಟ್ಟ ಕೋಣೆ, ಕೂರಲು ಮಂಜುಗಡ್ಡೆ. 1988ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಶರ್ಲಿ ಇದನ್ನು ಬರೆದಿದ್ದಾರೆ. ಮನೆಯಲ್ಲಿ ದೂರು ಹೇಳಿದಾಗ ತಾಯಿ ಅದನ್ನು ಮಗುವಿನ ಕಲ್ಪನೆ ಎಂದು ತಳ್ಳಿಹಾಕಿದರಂತೆ!

1933ರಲ್ಲಿ ಆ ಕಂಪನಿ ದಿವಾಳಿಯಾಯಿತು. ಅದೃಷ್ಟ ಖುಲಾಯಿಸಿದ್ದು ಅನಂತರವೇ. ಗೀತ ಸಂಯೋಜಕ ಜೇ ಗೋರ್ನಿ ಅವಳನ್ನು ಗುರುತಿಸಿ ಫಾಕ್ಸ್‌ಗೆ ಕರೆಸಿದರು. ವಾರಕ್ಕೆ 150 ಡಾಲರ್ ಸಂಬಳ ಗೊತ್ತಾಯಿತು. ಎಷ್ಟು ಚಿಕ್ಕವಳಾದರೆ ಅಷ್ಟು ದೊಡ್ಡ ಅದ್ಭುತ ಎಂಬುದು ಸ್ಟುಡಿಯೊದ ವ್ಯಾಪಾರಿ ಬುದ್ಧಿ. ಹಾಗಾಗಿ ಅವಳ ಹುಟ್ಟಿದ ವರ್ಷ 1929 ಆಯಿತು. ಗುಂಗುರು ಕೂದಲೂ ಹುಟ್ಟಿನಿಂದ ಬಂದ ಮುದ್ದಲ್ಲ, ತಾಯಿ ಎಣಿಸಿ ಸುತ್ತುತ್ತಿದ್ದ 56 ಸುರುಳಿಗಳು.

1934ರ 'ಸ್ಟ್ಯಾಂಡ್ ಅಪ್ ಅಂಡ್ ಚಿಯರ್'ನಲ್ಲಿ ಅವಳದು ಸಣ್ಣ ಪಾತ್ರ. ಜೇಮ್ಸ್ ಡನ್ ಜೊತೆಗಿನ ಒಂದೇ ಹಾಡು-ಕುಣಿತಕ್ಕೆ ಪ್ರೇಕ್ಷಕರು ಮನಸೋತರು. ಆರ್ಥಿಕ ಮುಗ್ಗಟ್ಟಿನಿಂದ ಕೆಲಸ ಕಳೆದುಕೊಂಡಿದ್ದ ಅಮೆರಿಕದ ಜನಕ್ಕೆ ಅಳುಕಿಲ್ಲದ ಆ ನಗು ಬೇಕಾಗಿತ್ತೇನೋ. ಆಮೇಲೆ ಪ್ಯಾರಮೌಂಟ್ ಅವಳನ್ನು ಎರವಲು ಪಡೆದು 'ಲಿಟ್ಲ್ ಮಿಸ್ ಮಾರ್ಕರ್' ತೆಗೆಯಿತು. ವರ್ಷಾಂತ್ಯಕ್ಕೆ, ಅವಳಿಗೆಂದೇ ಕತೆ ಹೆಣೆದ 'ಬ್ರೈಟ್ ಐಸ್' ತೆರೆಕಂಡಿತು. 1935ರಿಂದ 1938ರವರೆಗೆ ಗಲ್ಲಾಪೆಟ್ಟಿಗೆಯಲ್ಲಿ ಅವಳೇ ಮೊದಲಿಗಳು.

1935ರ ಫೆಬ್ರುವರಿಯಲ್ಲಿ ಅವಳಿಗೆ ಬಾಲಪ್ರತಿಭೆಯ ವಿಶೇಷ ಆಸ್ಕರ್ ಬಂತು. ಕೈಗೆ ಕೊಟ್ಟದ್ದು ಪುಟ್ಟ ಗಾತ್ರದ ಪ್ರತಿಮೆ. ಆಗ ಅವಳಿಗೆ ಆರು ವರ್ಷ. ಸ್ಟುಡಿಯೊದ ಲೆಕ್ಕದಲ್ಲಿ ಐದು.