ಬಯಲು ಕೋಣೆಗೆ ಬಂದ ಬಗೆ

ಗಾಲ್ಫ್ ಆಟವನ್ನು ಈಗ ಮನೆಯ ಒಂದು ಕೋಣೆಯೊಳಗೇ ಆಡುತ್ತಾರೆ ಎಂದು ಕೊಟ್ಟೂರು, ಕೂಡ್ಲಿಗಿ ಕಡೆಯ ಹಿರಿಯರೊಬ್ಬರಿಗೆ ಹೇಳಿದರೆ ಅವರು ಕೇಳುವ ಮೊದಲ ಮಾತು, “ಹಂಗಾರ ಚೆಂಡು ಎಲ್ಲಿಗೆ ಹೋಗ್ತೈತಿ?” ಎಂಬುದೇ. ಪ್ರಶ್ನೆ ಸಣ್ಣದು, ಉತ್ತರ ಅಷ್ಟು ಸಣ್ಣದಲ್ಲ. ಅದನ್ನು ಹುಡುಕುತ್ತ ಹೊರಟರೆ ಕಲ್ಯಾಣದ ಚಾಲುಕ್ಯರ ಅಂಗಳವನ್ನೂ ಎಡಿನ್‌ಬರೊ ನಗರದ ಪ್ರಾಧ್ಯಾಪಕನೊಬ್ಬನ ಮಣ್ಣಿನ ಗೋಡೆಯನ್ನೂ ಹಾದು ಬರಬೇಕಾಗುತ್ತದೆ.

ಮೊದಲು ಆ ಕೋಣೆಯ ವಿಷಯ. ಗಾಲ್ಫ್ ಸಿಮ್ಯುಲೇಟರ್ ಎಂಬ ಈ ಸಲಕರಣೆಗೆ ಮುಖ್ಯವಾಗಿ ಬೇಕಾದವು ನಾಲ್ಕು: ಕಾಲ ಕೆಳಗೆ ಹುಲ್ಲನ್ನು ಹೋಲುವ ಚಾಪೆ, ಎದುರಿಗೆ ಚೆಂಡಿನ ಪೆಟ್ಟು ತಾಳುವ ದಪ್ಪ ಪರದೆ, ಆ ಪರದೆಯ ಮೇಲೆ ಬಯಲಿನ ಚಿತ್ರ ಮೂಡಿಸುವ ಪ್ರೊಜೆಕ್ಟರ್, ಮತ್ತು ಚೆಂಡು ಹೊರಟ ಕ್ಷಣದ ಚಲನೆಯನ್ನು ಅಳೆದು ಕಂಪ್ಯೂಟರಿಗೆ ತಿಳಿಸುವ ಯಂತ್ರ. ಕೋಣೆಯ ಎತ್ತರ ಸುಮಾರು 10 ಅಡಿ, ಅಗಲ 12ರಿಂದ 15 ಅಡಿ, ಉದ್ದ 15ರಿಂದ 20 ಅಡಿ ಇದ್ದರೆ ಆಟ ಸಲೀಸು. ನಮ್ಮ ಕಡೆಯ ಹಳೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಜಾಗದ ಲೆಕ್ಕ ಅಡಿಯಲ್ಲಲ್ಲ, ಅಂಕಣದಲ್ಲಿ. ಕಂಬಕ್ಕೂ ಕಂಬಕ್ಕೂ ನಡುವಣ ಜಾಗವೇ ಒಂದು ಅಂಕಣ. ಅಲ್ಲಿ ಉದ್ದನೆಯ ಕೋಲನ್ನು ಬೀಸಿದರೆ ಮೊದಲ ಪೆಟ್ಟು ಜಂತಿಗೆ, ಎರಡನೆಯದು ಕಂಬಕ್ಕೆ! ಆದ್ದರಿಂದ ಇಂಥ ಯಂತ್ರವನ್ನು ಮನೆಗೆ ತರುವವರು ದುಡ್ಡು ಎಣಿಸುವ ಮೊದಲು ಮನೆಯಲ್ಲಿ ಎಲ್ಲರಿಗಿಂತ ಎತ್ತರದವರ ಕೈಗೆ ಉದ್ದದ ಕೋಲು ಕೊಟ್ಟು, ನಿಧಾನವಾಗಿ ಬೀಸಿಸಿ ನೋಡುವುದು ಒಳ್ಳೆಯದು.

ಬಯಲನ್ನು ಮನೆಯೊಳಗೆ ತರುವ ಹಂಬಲ ನಮಗೆ ಹೊಸದೇನೂ ಅಲ್ಲ. ಹಂಪಿಗೆ ಹೋದವರು ಬಂಡೆಗಳ ಮೇಲೂ ಮಂಟಪಗಳ ನೆಲಹಾಸಿನ ಮೇಲೂ ಕೊರೆದ ಆಟದ ಮನೆಗಳನ್ನು ಕಂಡಿರಬಹುದು. ಹುಲಿ-ಕುರಿ ಆಟವೆಂದರೆ ಏನು? ಕುರಿ ಮೇಯುವ ಇಡೀ ಗುಡ್ಡವನ್ನು ಕೆಲವು ಗೆರೆಗಳಿಗೆ ಇಳಿಸಿದ್ದು. ಅಳಗುಳಿ ಮಣೆಯ ಕುಳಿಗಳಲ್ಲಿ ಹುಣಸೆಬೀಜ ಹಾಕುತ್ತ ಹೋಗುವ ಕೈಯಲ್ಲಿ ಬಿತ್ತನೆಯ ನೆನಪಿಲ್ಲವೆ? ಮಳೆಗಾಲದ ಮಧ್ಯಾಹ್ನ ಪಡಸಾಲೆಯಲ್ಲಿ ಕುಳಿತ ಹೆಣ್ಣುಮಕ್ಕಳು ಹೊಲವನ್ನೇ ಮಣೆಯ ಮೇಲೆ ತಂದುಕೊಂಡಿದ್ದರು. ಗಾಲ್ಫ್ ಕೋಣೆ ಈ ಸಾಲಿಗೆ ಬಂದು ಸೇರಿದ ದುಬಾರಿಯ ತಮ್ಮ.

ಕೋಲು-ಚೆಂಡಿನ ಆಟವೂ ಈ ನೆಲಕ್ಕೆ ಪರಕೀಯವಲ್ಲ. 1126ರಿಂದ 1138ರವರೆಗೆ ಆಳಿದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಅರಸರ ವಿನೋದಗಳನ್ನು ವಿವರಿಸುತ್ತ, ಕುದುರೆಯೇರಿ ಕೋಲಿನಿಂದ ಚೆಂಡು ಹೊಡೆದು ತೋರಣ ದಾಟಿಸುವ ಆಟವನ್ನು ಹೇಳಿದ್ದಾನೆ. ಅದು ಇಂದಿನ ಪೋಲೋದ ಬಂಧು. ಗಾಲ್ಫಿಗೆ ದೂರದ ನೆಂಟ. ಆ ದೊರೆತನದ ಗುರುತುಗಳು ಈ ಸೀಮೆಯಲ್ಲಿ ಇಂದಿಗೂ ನಿಂತಿವೆ. ಹರಪನಹಳ್ಳಿಯ ಬಳಿಯ ಬಾಗಳಿ, ಹಡಗಲಿಯ ಕಡೆಯ ಹಿರೇಹಡಗಲಿ, ಕುರುವತ್ತಿ ಮುಂತಾದ ಊರುಗಳ ಗುಡಿಗಳು ಚಾಲುಕ್ಯರ ಕಾಲದವು. ಶಾಸನಗಳಲ್ಲಿ ಬರುವ ‘ಕೋಗಳಿ ಐನೂರು’ ನಾಡು ಈ ತಾಲೂಕುಗಳ ನಡುವಿನದೇ. ಆದರೆ ಒಂದು ಮಾತು: ಆ ವಿನೋದ ಅರಸನಿಗಾಗಿತ್ತು. ಬಯಲನ್ನು ಹಸನು ಮಾಡಿದವರು ಬೇರೆ, ಅದರಲ್ಲಿ ಆಡಿದವರು ಬೇರೆ.

ಗಾಲ್ಫಿನ ತವರು ಸ್ಕಾಟ್‌ಲೆಂಡ್. ಜನ ಬಿಲ್ವಿದ್ಯೆಯನ್ನು ಬಿಟ್ಟು ಈ ಆಟದ ಹಿಂದೆ ಬಿದ್ದರೆಂದು ಅಲ್ಲಿನ ಪಾರ್ಲಿಮೆಂಟು 1457ರಲ್ಲಿ ಇದನ್ನು ನಿಷೇಧಿಸಿತು. ಆಗ ನಮ್ಮಲ್ಲಿ ವಿಜಯನಗರದ ಪಟ್ಟದಲ್ಲಿ ಮಲ್ಲಿಕಾರ್ಜುನ ರಾಯನಿದ್ದ. ನಿಷೇಧ ಉಳಿಯಲಿಲ್ಲ, ಆಟ ಉಳಿಯಿತು. ಇಂಗ್ಲಿಷರ ಬೆನ್ನು ಹತ್ತಿ ಅದು 1829ರಲ್ಲಿ ಕಲ್ಕತ್ತೆಯಲ್ಲಿ ಕ್ಲಬ್ಬು ಕಟ್ಟಿತು. 1876ರಲ್ಲಿ ಬೆಂಗಳೂರು ಗಾಲ್ಫ್ ಕ್ಲಬ್ಬು ಹುಟ್ಟಿತು. ಮುಂದೆ ಕೋಲಾರದ ಚಿನ್ನದ ಗಣಿಯ ಬಿಳಿಯ ಅಧಿಕಾರಿಗಳೂ ತಮ್ಮದೊಂದು ಬಯಲನ್ನು ಮಾಡಿಕೊಂಡರು.

1876 ಎಂಬ ಈ ಇಸವಿಯ ಮುಂದೆ ಬಳ್ಳಾರಿ ಸೀಮೆಯವರು ಸ್ವಲ್ಪ ನಿಲ್ಲಬೇಕು. ಅದು ಧಾತು ಸಂವತ್ಸರ. ಮಳೆ ಕೈಕೊಟ್ಟು ಎರಡು ವರ್ಷ ದಕ್ಷಿಣ ದೇಶವನ್ನು ಸುಟ್ಟ ಮಹಾ ಬರದ ಆರಂಭ ಆಗಲೇ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಅಂದು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಬರಕ್ಕೆ ಎಲ್ಲಕ್ಕಿಂತ ಹೆಚ್ಚು ತುತ್ತಾದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಬರಗಾಲದ ಕಾಮಗಾರಿಗಳಲ್ಲಿ ದುಡಿದ ಗಂಡಾಳಿಗೆ 1877ರ ಆರಂಭದಲ್ಲಿ ಸರ್ಕಾರ ಗೊತ್ತುಮಾಡಿದ ಕೂಲಿ, ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ ಮತ್ತು ಅದರ ಮೇಲೆ ಒಂದಿಷ್ಟು ಪುಡಿಗಾಸು. ಕ್ಲಬ್ಬು ಕಟ್ಟಿದವರು ಬರವನ್ನು ತಂದರೆಂದು ಹೇಳುವುದು ನ್ಯಾಯವಲ್ಲ. ಆದರೂ ಒಂದೇ ಸಂವತ್ಸರದಲ್ಲಿ ಒಂದು ಕಡೆ ಆಟಕ್ಕೆ ನೆಲ ಗುರುತಿಸುತ್ತಿದ್ದರು, ಇನ್ನೊಂದು ಕಡೆ ಬಿತ್ತಿದ ನೆಲ ಬಿರಿಯುತ್ತಿತ್ತು ಎಂಬುದನ್ನು ಚರಿತ್ರೆ ಓದುವವನು ಮರೆಯಲಾರ. ಹದಿನೆಂಟು ಕುಳಿಗಳ ಗಾಲ್ಫ್ ಬಯಲಿಗೆ ಸಾಮಾನ್ಯವಾಗಿ ನೂರು ಎಕರೆಗೂ ಮೇಲೆ ಜಾಗ ಬೇಕು. ಬೇಸಗೆಯಲ್ಲಿ ಅದರ ಹುಲ್ಲು ಹಸಿರಾಗಿರಬೇಕಾದರೆ ದಿನಕ್ಕೆ ಲಕ್ಷಗಟ್ಟಲೆ ಲೀಟರ್ ನೀರು ಬೇಕು. ಜೋಳ, ಶೇಂಗಾ ಬಿತ್ತಿ ಮುಗಿಲು ನೋಡುವ ನಾಡಿಗೆ ಇದು ಹೊರಲಾರದ ಹೊರೆ.

ಇನ್ನು ಕೋಣೆಯ ಗಾಲ್ಫಿನ ಬುಡ ಹುಡುಕೋಣ. ಎಡಿನ್‌ಬರೊ ವಿಶ್ವವಿದ್ಯಾನಿಲಯದಲ್ಲಿ ಪೀಟರ್ ಗಥ್ರಿ ಟೇಟ್ ಎಂಬ ಭೌತವಿಜ್ಞಾನದ ಪ್ರಾಧ್ಯಾಪಕನಿದ್ದ. ಗಾಲ್ಫಿನ ಹುಚ್ಚು ಅವನಿಗೂ ಇತ್ತು, ಅವನ ಮಗ ಫ್ರೆಡ್ಡಿಗೂ ಇತ್ತು; ಮಗ 1896ರಲ್ಲೂ 1898ರಲ್ಲೂ ಬ್ರಿಟನ್ನಿನ ಹವ್ಯಾಸಿ ಆಟಗಾರರ ಪಂದ್ಯಾವಳಿಯನ್ನು ಗೆದ್ದವನು. ಚೆಂಡು ಲೆಕ್ಕ ಹೇಳುವುದಕ್ಕಿಂತ ಹೆಚ್ಚು ಹೊತ್ತು ಗಾಳಿಯಲ್ಲಿ ತೇಲುವುದೇಕೆ ಎಂಬುದು ತಂದೆಯನ್ನು ಕಾಡಿದ ಪ್ರಶ್ನೆ. 1890ರ ದಶಕದಲ್ಲಿ ಅವನು ಮಾಡಿದ ಒಂದು ಪ್ರಯೋಗ ನೋಡಿ: ಚೆಂಡಿಗೆ ಉದ್ದನೆಯ ಪಟ್ಟಿಯೊಂದರ ಒಂದು ತುದಿಯನ್ನು ಅಂಟಿಸಿ, ಇನ್ನೊಂದು ತುದಿಯನ್ನು ನೆಲಕ್ಕೆ ಬಿಗಿದು, ಕೆಲವೇ ಅಡಿ ದೂರದ ಜೇಡಿಮಣ್ಣಿನ ಗೋಡೆಗೆ ಹೊಡೆಸಿದ. ಚೆಂಡು ಮಣ್ಣಿನಲ್ಲಿ ಹೂತುಕೊಂಡಿತು. ಪಟ್ಟಿಯಲ್ಲಿ ಬಿದ್ದ ಸುತ್ತುಗಳನ್ನು ಎಣಿಸಿದಾಗ ಅದು ಹಿಮ್ಮುಖವಾಗಿ ತಿರುಗುತ್ತ ಹೋಗಿತ್ತೆಂದು ಸಿದ್ಧವಾಯಿತು. ಆ ತಿರುಗುವಿಕೆಯೇ ಚೆಂಡನ್ನು ಗಾಳಿಯಲ್ಲಿ ಎತ್ತಿ ಹಿಡಿಯುವ ಬಲ. ಬಯಲಿಗೆ ಹೋಗದೆ, ಗೋಡೆಗೆ ಬಡಿದ ಚೆಂಡಿನಿಂದಲೇ ಬಯಲಿನ ಗುಟ್ಟು ತಿಳಿದದ್ದು ಹೀಗೆ. ಇಂದಿನ ಕೋಣೆಯ ಪರದೆ ಆ ಮಣ್ಣಿನ ಗೋಡೆಯ ಮೊಮ್ಮಗ ಎನ್ನಬಹುದು.

1910ರಲ್ಲಿ ಎಲೆಕ್ಟ್ರಾನಿನ ಶೋಧಕ ಜೆ. ಜೆ. ಥಾಮ್ಸನ್ನನೇ ಲಂಡನ್ನಿನಲ್ಲಿ ಗಾಲ್ಫ್ ಚೆಂಡಿನ ಚಲನೆಯ ಮೇಲೆ ಉಪನ್ಯಾಸ ಮಾಡಿದ. ಪಟ್ಟಿಯ ಸುತ್ತು ಎಣಿಸುವ ಕೆಲಸವನ್ನು ಈಗ ವೇಗದ ಕ್ಯಾಮೆರಾಗಳು ಇಲ್ಲವೆ ರೇಡಾರ್ ಮಾಡುತ್ತವೆ. ಚಲಿಸುವ ವಸ್ತುವಿನಿಂದ ಬರುವ ಅಲೆಯ ಕಂಪನ ಬದಲಾಗುತ್ತದೆಂದು ಡಾಪ್ಲರ್ 1842ರಲ್ಲಿ ಹೇಳಿದ ತತ್ವವೇ ಈ ರೇಡಾರಿನ ಆಧಾರ. 2003ರಲ್ಲಿ ಡೆನ್ಮಾರ್ಕಿನಲ್ಲಿ ಸ್ಥಾಪನೆಯಾದ ಟ್ರ್ಯಾಕ್‌ಮನ್ ಕಂಪನಿ ಅದನ್ನು ಗಾಲ್ಫಿಗೆ ಪಳಗಿಸಿತು. ಸುಮಾರು 46 ಗ್ರಾಂ ತೂಕದ ಚೆಂಡು ಎಷ್ಟು ವೇಗದಲ್ಲಿ, ಯಾವ ಕೋನದಲ್ಲಿ ಹೊರಟಿತು, ಎಷ್ಟು ಸುತ್ತು ತಿರುಗಿತು ಎಂಬಿಷ್ಟು ತಿಳಿದರೆ ಉಳಿದ ಹಾರಾಟವೆಲ್ಲ ಗಣಿತ. ನುರಿತ ಆಟಗಾರನ ಉದ್ದದ ಹೊಡೆತದಲ್ಲಿ ಚೆಂಡು ಸೆಕೆಂಡಿಗೆ ಸುಮಾರು ನಲವತ್ತು ಸುತ್ತು ತಿರುಗುತ್ತದೆ! ಹತ್ತು ಅಡಿ ಹಾರಿ ಪರದೆಗೆ ಬಡಿದ ಚೆಂಡು ಚಿತ್ರದಲ್ಲಿ ಇನ್ನೂರು ಗಜ ಹಾರುತ್ತದೆ.

ಗಣಿತಕ್ಕೆ ಸಿಕ್ಕದ್ದು ಮಾತ್ರ ಒಂದಿದೆ: ಜೊತೆಗಾರನ ಕಣ್ಣು. ಬಯಲಿನಲ್ಲಿ ಆಟಗಾರನ ಕೋಲುಗಳ ಚೀಲ ಹೊರುವ ಕ್ಯಾಡಿ ಬರಿಯ ಹೊರೆಯಾಳಲ್ಲ. ಗಾಳಿ ಎತ್ತಣಿಂದ, ನೆಲ ಎತ್ತ ಇಳಿಜಾರು, ಯಾವ ಕೋಲು ತಕ್ಕದ್ದು ಎಂಬುದು ಅವನಿಗೆ ಗೊತ್ತು. ಬೆಂಗಳೂರಿನಲ್ಲಿ ಹಾಗೆ ಚೀಲ ಹೊತ್ತೇ ಆಟ ಕಲಿತ ಸಿ. ಮುನಿಯಪ್ಪನವರು 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಕೋಣೆಯ ಆಟದಲ್ಲಿ ಚೀಲ ಹೊರುವ ಹುಡುಗನಿಗೆ ಕೆಲಸವಿಲ್ಲ. ಆ ಹುಡುಗ ಆಟಗಾರನಾಗುವ ಬಾಗಿಲೂ ಅಲ್ಲಿ ಇಲ್ಲ. ಬೆಂಗಳೂರಿನ ಅದಿತಿ ಅಶೋಕ್ 2016ರ ರಿಯೋ ಒಲಿಂಪಿಕ್ಸಿನಲ್ಲಿ ಆಡಿದಾಗ ಚೀಲ ಹೊತ್ತವರು ಅವರ ತಂದೆ. 2021ರಲ್ಲಿ ಟೋಕಿಯೋದಲ್ಲಿ ಒಂದೇ ಒಂದು ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವರಾದಾಗ ಹೊತ್ತವರು ತಾಯಿ. ಯಾವ ಪರದೆ ಆ ಸಂಗಾತವನ್ನು ಕೊಟ್ಟೀತು?

ಹಾಗೆಂದು ಯಂತ್ರವನ್ನು ಹಳಿಯಲಾರೆ. ಹಗರಿಬೊಮ್ಮನಹಳ್ಳಿಯ ಹುಡುಗಿಯೊಬ್ಬಳು ಗಾಲ್ಫ್ ಕಲಿಯಬೇಕೆಂದರೆ ಬೆಂಗಳೂರಿನ ದಾರಿ ದೂರ; ನೂರು ಎಕರೆ ಹೊಲವನ್ನು ಹುಲ್ಲಿಗೆ ಬಿಡುವುದಕ್ಕಿಂತ ಎರಡಂಕಣದ ಕೋಣೆಯೊಂದನ್ನು ಬಿಡುವುದು ಈ ಸೀಮೆಗೆ ಒಪ್ಪುವ ದಾರಿ. ಅದು ಒಬ್ಬ ಸಿರಿವಂತರ ಮಹಡಿಯಲ್ಲಿರುವ ಬದಲು ಒಂದು ಶಾಲೆಯಲ್ಲಿದ್ದರೆ ಇನ್ನೂ ಲೇಸು. ಆದರೆ ಕೋಣೆ ಬಂತೆಂದು ಊರ ಮುಂದಿನ ಬಯಲು ಹೋಗಬಾರದು. ನಮ್ಮ ಮಕ್ಕಳ ಚಿನ್ನಿದಾಂಡು ಆಟವನ್ನು ನೆನೆಯಿರಿ. ಗಾಲ್ಫ್ ಕುಳಿಯಲ್ಲಿ ಮುಗಿಯುತ್ತದೆ. ಚಿನ್ನಿದಾಂಡು ಕುಳಿಯಿಂದ ಶುರುವಾಗುತ್ತದೆ. ಚಿನ್ನಿ ಬಿದ್ದ ದೂರವನ್ನು ಹೊಡೆದ ದಾಂಡಿನಿಂದಲೇ ಅಳೆಯುತ್ತಾರೆ; ಅಳತೆಯಲ್ಲಿ ಜಗಳವಾದರೆ ತೀರಿಸುವುದಕ್ಕೆ ಓಣಿಯೇ ಇದೆ. ಆ ಜಾಗದಲ್ಲಿ ನಿವೇಶನಗಳ ಕಲ್ಲು ನೆಟ್ಟ ಮೇಲೆ ಅದನ್ನು ಮರಳಿ ತರುವ ಪ್ರೊಜೆಕ್ಟರ್ ಯಾವುದೂ ಇಲ್ಲ.

ಹಿರಿಯರ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಕೋಣೆಯಲ್ಲಿ ಹೊಡೆದ ಚೆಂಡು ಎಲ್ಲಿಗೂ ಹೋಗುವುದಿಲ್ಲ. ಪರದೆಗೆ ಬಡಿದು ನಮ್ಮ ಕಾಲಬುಡಕ್ಕೇ ಉರುಳಿ ಬರುತ್ತದೆ. ಬಯಲಿನಲ್ಲಿ ಹೊಡೆದದ್ದನ್ನು ತರಲು ಮಾತ್ರ ಯಾರಾದರೂ ಓಡಬೇಕು. ಓಡುವವರಿಗೂ ಹೊಡೆಯುವ ಸರದಿ ಬರುವುದೆ ಎಂಬುದನ್ನು, ಸೋಮೇಶ್ವರನ ಕಾಲದಿಂದ ಇಂದಿನವರೆಗೆ, ಆಟದ ಚರಿತ್ರೆ ಕೇಳುತ್ತಲೇ ಬಂದಿದೆ.