ಪ್ರಥಮ ಔಷಧದ ಪ್ರಶ್ನೆ: ಹರಡಿದ ಲಾಬ್ಯುಲರ್ ಸ್ತನ ಕ್ಯಾನ್ಸರಿನ ಚಿಕಿತ್ಸೆಯ ಇತಿಹಾಸ

ಸ್ತನದ ಕ್ಯಾನ್ಸರು ತಾನು ಹುಟ್ಟಿದ ಸ್ಥಳವನ್ನು ಬಿಟ್ಟು ಮೂಳೆ, ಯಕೃತ್ತು ಮೊದಲಾದ ಅಂಗಗಳಿಗೆ ಹರಡಿದ ಮೇಲೆ ಅದನ್ನು ನಿರ್ಮೂಲಗೊಳಿಸುವುದು ಸಾಮಾನ್ಯವಾಗಿ ಇಂದಿಗೂ ಸಾಧ್ಯವಾಗಿಲ್ಲ. ಒಂದು ಔಷಧವು ಕೆಲವು ಕಾಲ ರೋಗವನ್ನು ತಡೆದು ನಿಲ್ಲಿಸುತ್ತದೆ. ಅದು ಸೋತಾಗ ಮತ್ತೊಂದನ್ನು ಕೊಡಬೇಕಾಗುತ್ತದೆ. ಹೀಗಿರುವಲ್ಲಿ ಯಾವುದರಿಂದ ಪ್ರಾರಂಭಿಸಬೇಕೆಂಬುದು ಅಲ್ಪ ವಿಷಯವಲ್ಲ. ಮೊದಲ ಔಷಧವು ಸೌಮ್ಯವಾಗಿದ್ದು ದೀರ್ಘಕಾಲ ಫಲಿಸಿದರೆ ರೋಗಿಯು ತನ್ನ ಮನೆಯಲ್ಲಿ, ನಿತ್ಯದ ಕೆಲಸಕಾರ್ಯಗಳ ನಡುವೆ, ವರ್ಷಗಳನ್ನು ಕಳೆಯಬಹುದು. ಅಯುಕ್ತವಾದ ಔಷಧದಿಂದ ತೊಡಗಿದರೆ ಉಳಿದ ಕಾಲವೆಲ್ಲ ಚಿಕಿತ್ಸೆಯ ಉಪದ್ರವಕ್ಕೇ ಸಂದುಹೋಗಬಹುದು. ಈ ಪ್ರಶ್ನೆಗೆ ಕಳೆದ ಸುಮಾರು ೧೩೦ ವರ್ಷಗಳಲ್ಲಿ ದೊರೆತ ಉತ್ತರಗಳನ್ನು ಕಾಲಾನುಕ್ರಮವಾಗಿ ಪರಿಶೀಲಿಸುವುದೂ, ಲಾಬ್ಯುಲರ್ ಎಂಬ ಒಂದು ಪ್ರಭೇದಕ್ಕೆ ಆ ಉತ್ತರಗಳು ಎಷ್ಟರಮಟ್ಟಿಗೆ ಸಲ್ಲುತ್ತವೆಂಬುದನ್ನು ವಿಚಾರಿಸುವುದೂ ಈ ಲೇಖನದ ಉದ್ದೇಶ.

೧

ಸ್ತನದಲ್ಲಿ ಹಾಲು ಉತ್ಪತ್ತಿಯಾಗುವ ಕಿರುಹಾಲೆಗಳಿಗೆ ಲಾಬ್ಯೂಲುಗಳೆಂದು ಹೆಸರು. ೧೯೪೧ರಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆಯ ರೋಗವಿಜ್ಞಾನಿಗಳಾದ ಫ್ರಾಂಕ್ ಫೂಟ್ ಮತ್ತು ಫ್ರೆಡ್ ಸ್ಟುವರ್ಟ್ ಇವರು, ಕಿರುಹಾಲೆಯ ಎಲ್ಲೆಯನ್ನು ದಾಟದೆ ಅಲ್ಲಿಯೇ ಬೆಳೆಯುವ ಒಂದು ವಿಕಾರವನ್ನು ವರ್ಣಿಸಿ ಅದಕ್ಕೆ ಲಾಬ್ಯುಲರ್ ಎಂಬ ವಿಶೇಷಣವನ್ನು ಕೊಟ್ಟರು. ಸುತ್ತಲಿನ ಅಂಗಾಂಶಕ್ಕೆ ನುಗ್ಗುವ ಲಾಬ್ಯುಲರ್ ಕ್ಯಾನ್ಸರು ಒಟ್ಟು ಸ್ತನ ಕ್ಯಾನ್ಸರುಗಳಲ್ಲಿ ನೂರಕ್ಕೆ ೧೦ರಿಂದ ೧೫ರಷ್ಟು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇದರ ಜೀವಕೋಶಗಳು ಗುಂಪುಗೂಡದೆ, ಕಾಲುದಾರಿಯಲ್ಲಿ ಒಬ್ಬರ ಹಿಂದೊಬ್ಬರು ನಡೆಯುವವರಂತೆ ಒಂಟಿ ಸಾಲಿನಲ್ಲಿ ಹರಡಿಕೊಂಡಿರುತ್ತವೆ. ಆದಕಾರಣ ಕೈಗೆ ಸಿಕ್ಕುವ ಗಟ್ಟಿಯಾದ ಗಂಟು ಅನೇಕ ವೇಳೆ ಏರ್ಪಡುವುದಿಲ್ಲ. ಕ್ಷಕಿರಣ ಚಿತ್ರದಲ್ಲಿಯೂ ರೋಗವು ಸುಲಭವಾಗಿ ಕಾಣುವುದಿಲ್ಲ.

ಈ ನಾಮಕರಣವು ಚಿಕಿತ್ಸೆಯ ಇತಿಹಾಸದಲ್ಲಿ ಬಹುಕಾಲ ಯಾವ ಪರಿಣಾಮವನ್ನೂ ಉಂಟುಮಾಡಲಿಲ್ಲವೆಂಬುದನ್ನು ಇಲ್ಲಿಯೇ ಹೇಳಬೇಕು. ಹೆಸರು ರೋಗವಿಜ್ಞಾನಿಯ ವರದಿಯಲ್ಲಿ ಉಳಿಯಿತು. ಔಷಧವನ್ನು ಆರಿಸುವ ವೈದ್ಯನು ಬೇರೆ ಲಕ್ಷಣಗಳನ್ನು ನೋಡುತ್ತಿದ್ದನು. ಆ ಲಕ್ಷಣಗಳು ಯಾವುವು, ಅವು ಹೇಗೆ ಬದಲಾದವು ಎಂಬುದನ್ನು ಈಗ ನೋಡೋಣ.

೨

ಹರಡಿದ ಸ್ತನ ಕ್ಯಾನ್ಸರಿಗೆ ಹಾರ್ಮೋನಿನ ಮಾರ್ಗವನ್ನು ತೋರಿಸಿಕೊಟ್ಟವನು ಗ್ಲಾಸ್ಗೋ ನಗರದ ಶಸ್ತ್ರವೈದ್ಯ ಜಾರ್ಜ್ ಬೀಟ್ಸನ್. ಕರು ಹಾಕಿದ ಹಸುವಿನ ಅಂಡಾಶಯಗಳನ್ನು ತೆಗೆದುಹಾಕಿದರೆ ಅದು ಬಹುಕಾಲ ಹಾಲು ಕೊಡುತ್ತದೆಂದು ಕೆಲವು ದೇಶಗಳ ರೈತರು ಅರಿತಿದ್ದರು. ಅಂಡಾಶಯಕ್ಕೂ ಸ್ತನಕ್ಕೂ ಏನೋ ಸಂಬಂಧವುಂಟೆಂದು ಬೀಟ್ಸನ್ ಇದರಿಂದ ಊಹಿಸಿದನು. ಸ್ತನವನ್ನು ತೆಗೆದ ಮೇಲೂ ಎದೆಯ ಮೇಲೆ ರೋಗ ಮರುಕಳಿಸಿದ್ದ ೩೩ ವರ್ಷದ ಒಬ್ಬ ಸ್ತ್ರೀಯ ಅಂಡಾಶಯಗಳನ್ನು ಅವನು ೧೮೯೫ರಲ್ಲಿ ತೆಗೆದನು. ಕೆಲವು ತಿಂಗಳುಗಳಲ್ಲಿ ಗಂಟುಗಳು ಕರಗಿದವು. ಆಕೆಯು ಸುಮಾರು ನಾಲ್ಕು ವರ್ಷ ಬದುಕಿದಳು. ೧೮೯೬ರಲ್ಲಿ ಈ ವರದಿಯು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಹಾರ್ಮೋನ್ ಎಂಬ ಶಬ್ದವೇ ಇನ್ನೂ ಬಳಕೆಗೆ ಬಂದಿರದ ಕಾಲವದು. ೧೯೦೦ರಲ್ಲಿ ಸ್ಟಾನ್ಲಿ ಬಾಯ್ಡ್ ಎಂಬುವನು ಇಂಥ ೫೪ ಪ್ರಸಂಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸುಮಾರು ಮೂವರಲ್ಲಿ ಒಬ್ಬರಿಗೆ ಮಾತ್ರ ಪ್ರಯೋಜನವಾಗಿತ್ತು.

ಮೂವರಲ್ಲಿ ಒಬ್ಬರು ಎಂಬ ಈ ಪ್ರಮಾಣವು ಮುಂದಿನ ಎಪ್ಪತ್ತು ವರ್ಷಗಳ ಚರಿತ್ರೆಯನ್ನೆಲ್ಲ ಆವರಿಸಿಕೊಂಡಿದೆ. ೧೯೩೮ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಡಾಡ್ಸ್ ಮತ್ತು ಅವನ ಸಹೋದ್ಯೋಗಿಗಳು ಸ್ಟಿಲ್ಬೆಸ್ಟ್ರಾಲ್ ಎಂಬ ಕೃತಕ ಈಸ್ಟ್ರೋಜನ್ನನ್ನು ತಯಾರಿಸಿದರು. ೧೯೪೪ರಲ್ಲಿ ಲಂಡನ್ನಿನ ಅಲೆಗ್ಸಾಂಡರ್ ಹ್ಯಾಡೊ, ಇಂಥ ದ್ರವ್ಯಗಳನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರೆ ವಯಸ್ಸಾದ ಕೆಲವು ಸ್ತ್ರೀಯರಲ್ಲಿ ಹರಡಿದ ಕ್ಯಾನ್ಸರು ಕುಗ್ಗುತ್ತದೆಂದು ಪ್ರಕಟಿಸಿದನು. ಕಿರಿಯ ಸ್ತ್ರೀಯಲ್ಲಿ ಹಾರ್ಮೋನಿನ ಮೂಲವನ್ನು ಕಿತ್ತುಹಾಕುವುದೂ, ಮುಟ್ಟು ನಿಂತು ವರ್ಷಗಳು ಕಳೆದವಳಿಗೆ ಅದನ್ನೇ ಧಾರಾಳವಾಗಿ ಕೊಡುವುದೂ ಏಕಕಾಲದಲ್ಲಿ ನಡೆಯಿತು. ೧೯೫೦ರ ದಶಕದಲ್ಲಿ ಷಿಕಾಗೋವಿನ ಚಾರ್ಲ್ಸ್ ಹಗಿನ್ಸ್ ಅಡ್ರಿನಲ್ ಗ್ರಂಥಿಗಳನ್ನೂ, ಸ್ಟಾಕ್‌ಹೋಮಿನ ಲುಫ್ಟ್ ಮತ್ತು ಒಲಿವೆಕ್ರೋನಾ ಪಿಟ್ಯುಟರಿ ಗ್ರಂಥಿಯನ್ನೂ ತೆಗೆದುನೋಡಿದರು. ಈ ಉಪಾಯಗಳಲ್ಲಿಯೂ ಫಲವು ಸ್ಥೂಲವಾಗಿ ಅದೇ ಮೂರನೆಯ ಒಂದು ಪಾಲು. ಉಳಿದ ಇಬ್ಬರು ವ್ಯರ್ಥವಾಗಿ ಗ್ರಂಥಿಗಳನ್ನು ಕಳೆದುಕೊಂಡರು. ಯಾರಿಗೆ ಫಲಿಸೀತೆಂದು ಮುಂಚಿತವಾಗಿ ತಿಳಿಯುವ ಉಪಾಯವಿರಲಿಲ್ಲ.

೩

ಆ ಉಪಾಯವನ್ನು ಕಂಡುಹಿಡಿದುದೇ ಈ ಇತಿಹಾಸದ ತಿರುವು. ಷಿಕಾಗೋ ವಿಶ್ವವಿದ್ಯಾನಿಲಯದ ಎಲ್ವುಡ್ ಜೆನ್ಸನ್ ೧೯೫೦ರ ದಶಕದ ಕೊನೆಯಲ್ಲಿ, ವಿಕಿರಣಶೀಲ ಜಲಜನಕದ ಗುರುತು ಹಾಕಿದ ಈಸ್ಟ್ರೋಜನ್ ದೇಹದಲ್ಲಿ ಎಲ್ಲಿಗೆ ಹೋಗುತ್ತದೆಂಬುದನ್ನು ಹಿಂಬಾಲಿಸಿ ನೋಡಿದನು. ಗರ್ಭಾಶಯದಂಥ ಅಂಗಗಳು ಅದನ್ನು ಹಿಡಿದಿಟ್ಟುಕೊಳ್ಳುತ್ತಿದ್ದವು. ಇತರ ಅಂಗಗಳು ಬಿಟ್ಟುಬಿಡುತ್ತಿದ್ದವು. ಹಿಡಿದಿಡುವ ಪ್ರೋಟೀನಿಗೆ ಈಸ್ಟ್ರೋಜನ್ ಗ್ರಾಹಕವೆಂದು ಹೆಸರಾಯಿತು. ಕ್ಯಾನ್ಸರಿನ ತುಣುಕಿನಲ್ಲಿ ಈ ಗ್ರಾಹಕವಿದೆಯೇ ಎಂದು ಪರೀಕ್ಷಿಸಿದರೆ ಹಾರ್ಮೋನ್ ಚಿಕಿತ್ಸೆ ಫಲಿಸುವುದೇ ಇಲ್ಲವೇ ಎಂಬುದನ್ನು ಊಹಿಸಬಹುದಾಗಿತ್ತು. ೧೯೭೪ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ಸೇರಿದ ತಜ್ಞರು ಅದುವರೆಗಿನ ಅನುಭವವನ್ನು ಕ್ರೋಡೀಕರಿಸಿದಾಗ, ಗ್ರಾಹಕವುಳ್ಳವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೂ, ಇಲ್ಲದವರಲ್ಲಿ ಹತ್ತನೆಯ ಒಂದು ಪಾಲಿಗಿಂತ ಕಡಮೆ ಮಂದಿಗೂ ಪ್ರಯೋಜನವಾಗಿದ್ದುದು ಕಂಡುಬಂದಿತು.

ಇದೇ ಕಾಲಕ್ಕೆ ಶಸ್ತ್ರಕ್ಕೆ ಬದಲು ಮಾತ್ರೆ ದೊರೆಯಿತು. ೧೯೬೨ರಲ್ಲಿ ಇಂಗ್ಲೆಂಡಿನ ಐಸಿಐ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಡೋರಾ ರಿಚರ್ಡ್‌ಸನ್ ಎಂಬಾಕೆ ತಯಾರಿಸಿದ ದ್ರವ್ಯವೊಂದನ್ನು ಗರ್ಭನಿರೋಧಕವಾದೀತೆಂದು ಪರೀಕ್ಷಿಸಲಾಗಿತ್ತು. ಇಲಿಗಳಲ್ಲಿ ಅದು ಗರ್ಭವನ್ನು ತಡೆಯಿತು. ಸ್ತ್ರೀಯರಲ್ಲಿ ಅಂಡೋತ್ಪತ್ತಿಯನ್ನು ಪ್ರಚೋದಿಸಿತು. ಆರ್ಥರ್ ವಾಲ್ಪೋಲನ ಆಸಕ್ತಿಯಿಂದ ಅದನ್ನು ಕ್ಯಾನ್ಸರಿನಲ್ಲಿ ಪ್ರಯೋಗಿಸುವ ಅವಕಾಶವಾಯಿತು. ೧೯೭೧ರಲ್ಲಿ ಮ್ಯಾಂಚೆಸ್ಟರಿನ ಕ್ರಿಸ್ಟಿ ಆಸ್ಪತ್ರೆಯ ವೈದ್ಯರು ೪೬ ರೋಗಿಗಳಲ್ಲಿ ೧೦ ಮಂದಿಗೆ ಗುಣ ಕಂಡುದಾಗಿ ವರದಿಮಾಡಿದರು. ಟಾಮಾಕ್ಸಿಫೆನ್ ಎಂಬ ಹೆಸರಿನ ಈ ಔಷಧಕ್ಕೆ ಬ್ರಿಟನ್ನಿನಲ್ಲಿ ೧೯೭೩ರಲ್ಲಿಯೂ ಅಮೆರಿಕದಲ್ಲಿ ೧೯೭೭ರಲ್ಲಿಯೂ ಅನುಮತಿ ದೊರೆಯಿತು. ೧೯೮೧ರಲ್ಲಿ ಪ್ರಕಟವಾದ ಹೋಲಿಕೆಯೊಂದರಲ್ಲಿ ಅದು ಸ್ಟಿಲ್ಬೆಸ್ಟ್ರಾಲಿನಷ್ಟೇ ಫಲಕಾರಿಯೆಂದೂ, ಅದರ ಉಪದ್ರವ ಕಡಮೆಯೆಂದೂ ತೋರಿತು. ಇದೇ ಬಗೆಯ ಇನ್ನೊಂದು ದ್ರವ್ಯವು ಲಖನೌದ ಕೇಂದ್ರೀಯ ಔಷಧ ಸಂಶೋಧನಾಲಯದಲ್ಲಿ ರೂಪುಗೊಂಡುದನ್ನು ಭಾರತೀಯ ವಾಚಕರು ಗಮನಿಸಬಹುದು. ಸೆಂಟ್‌ಕ್ರೋಮನ್ ಎಂಬ ಅದು ನಮ್ಮ ದೇಶದಲ್ಲಿ 'ಸಹೇಲಿ' ಎಂಬ ಹೆಸರಿನಿಂದ ಗರ್ಭನಿರೋಧಕವಾಗಿಯೇ ಬಳಕೆಗೆ ಬಂದಿತು.

ಅನಂತರದ ಹೆಜ್ಜೆಗಳನ್ನು ಸಂಕ್ಷೇಪವಾಗಿ ಹೇಳಬಹುದು. ಮುಟ್ಟು ನಿಂತ ಸ್ತ್ರೀಯರಲ್ಲಿ ಅರೋಮಟೇಸ್ ಎಂಬ ಕಿಣ್ವದ ಮೂಲಕ ಈಸ್ಟ್ರೋಜನ್ ತಯಾರಾಗುತ್ತದೆ. ಈ ಕಿಣ್ವವನ್ನು ತಡೆಯುವ ಅನಾಸ್ಟ್ರಜೋಲ್, ಲೆಟ್ರೊಜೋಲ್, ಎಕ್ಸೆಮೆಸ್ಟೇನ್ ಎಂಬ ಔಷಧಗಳು ೧೯೯೦ರ ದಶಕದಲ್ಲಿ ಬಂದವು. ೨೦೦೧ರಲ್ಲಿ ೯೦೭ ಸ್ತ್ರೀಯರ ಹೋಲಿಕೆಯಲ್ಲಿ ಟಾಮಾಕ್ಸಿಫೆನ್ ರೋಗವನ್ನು ಸರಾಸರಿ ೨೬ ವಾರ ತಡೆದರೆ ಲೆಟ್ರೊಜೋಲ್ ೪೧ ವಾರ ತಡೆಯಿತು. ಅಂಡಾಶಯಗಳು ಕೆಲಸಮಾಡುತ್ತಿರುವ ಕಿರಿಯರಲ್ಲಿ ಮಾತ್ರ ಅವುಗಳನ್ನು ಚುಚ್ಚುಮದ್ದಿನಿಂದಲೋ ಶಸ್ತ್ರದಿಂದಲೋ ನಿಲ್ಲಿಸದೆ ಈ ಔಷಧಗಳು ನಡೆಯವು; ಬೀಟ್ಸನ್ನನ ತತ್ತ್ವವು ಹೀಗೆ ಇಂದಿಗೂ ಉಳಿದುಬಂದಿದೆ. ೨೦೧೫ರಿಂದ ಇದಕ್ಕೆ ಮತ್ತೊಂದು ವರ್ಗದ ಮಾತ್ರೆ ಜೊತೆಗೂಡಿತು. ಜೀವಕೋಶದ ವಿಭಜನೆಯನ್ನು ನಡೆಸುವ ಸಿಡಿಕೆ ೪ ಮತ್ತು ೬ ಎಂಬ ಕಿಣ್ವಗಳನ್ನು ತಡೆಯುವ ಪಾಲ್ಬೊಸಿಕ್ಲಿಬ್, ರೈಬೊಸಿಕ್ಲಿಬ್, ಅಬೆಮಾಸಿಕ್ಲಿಬ್ ಈ ವರ್ಗಕ್ಕೆ ಸೇರಿದವು. ೨೦೧೬ರಲ್ಲಿ ೬೬೬ ಸ್ತ್ರೀಯರ ಪ್ರಯೋಗದಲ್ಲಿ ಲೆಟ್ರೊಜೋಲ್ ಒಂದೇ ಆದರೆ ಸರಾಸರಿ ೧೪.೫ ತಿಂಗಳು, ಪಾಲ್ಬೊಸಿಕ್ಲಿಬ್ ಸೇರಿದರೆ ೨೪.೮ ತಿಂಗಳು ರೋಗವು ಮುಂದುವರಿಯದೆ ನಿಂತಿತು. ರೈಬೊಸಿಕ್ಲಿಬ್ ಸೇರಿಸಿದ ೬೬೮ ಸ್ತ್ರೀಯರ ಪ್ರಯೋಗದಲ್ಲಿ ಆಯುಷ್ಯವೇ ಸರಾಸರಿ ೫೧.೪ ತಿಂಗಳಿಂದ ೬೩.೯ ತಿಂಗಳಿಗೆ ಏರಿದುದು ೨೦೨೨ರಲ್ಲಿ ಪ್ರಕಟವಾಯಿತು.

ಜೀವಕೋಶಗಳನ್ನು ನೇರವಾಗಿ ಕೊಲ್ಲುವ ತೀವ್ರ ಔಷಧಗಳು, ಎಂದರೆ ಕೀಮೋಥೆರಪಿ, ೧೯೪೦ರ ದಶಕದಲ್ಲಿಯೇ ಪ್ರಾರಂಭವಾಗಿ ಬಹಳ ಪ್ರಬಲಗೊಂಡಿದ್ದವು. ಆದರೆ ಹರಡಿದ ರೋಗಕ್ಕೆ ಅವುಗಳಿಂದ ತೊಡಗುವುದಕ್ಕೂ ಹಾರ್ಮೋನ್ ಚಿಕಿತ್ಸೆಯಿಂದ ತೊಡಗುವುದಕ್ಕೂ ಆಯುಷ್ಯದಲ್ಲಿ ಗಮನಾರ್ಹ ಅಂತರವಿಲ್ಲವೆಂದು ೨೦೦೩ರಲ್ಲಿ ಹಳೆಯ ಪ್ರಯೋಗಗಳ ಸಮೀಕ್ಷೆಯೊಂದು ತಿಳಿಸಿತು. ಉಪದ್ರವವಾದರೋ ಕೀಮೋಥೆರಪಿಯಲ್ಲಿಯೇ ಅಧಿಕ. ಗ್ರಾಹಕವುಳ್ಳ ರೋಗದಲ್ಲಿ ಸೌಮ್ಯ ಔಷಧಕ್ಕೆ ಅಗ್ರಸ್ಥಾನ ದೊರೆತುದಕ್ಕೆ ಇದು ಆಧಾರ.

೪

ಈಗ ಲಾಬ್ಯುಲರ್ ಪ್ರಭೇದಕ್ಕೆ ಹಿಂದಿರುಗೋಣ. ೧೯೯೫ರಲ್ಲಿ ಬೆಲ್ಜಿಯಂ ಹಾಗೂ ನೆದರ್ಲೆಂಡಿನ ಸಂಶೋಧಕರು, ಈ ಕ್ಯಾನ್ಸರಿನಲ್ಲಿ ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನಿನ ಜೀನು ಕೆಟ್ಟಿರುತ್ತದೆಂದು ತೋರಿಸಿದರು. ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸುವ ಗಾರೆಯಂಥದು ಈ ಪ್ರೋಟೀನು. ಅದು ಇಲ್ಲದುದರಿಂದಲೇ ಕೋಶಗಳು ಬಿಡಿಬಿಡಿಯಾಗಿ ಸಾಲುಗಟ್ಟುತ್ತವೆ. ಫೂಟ್ ಮತ್ತು ಸ್ಟುವರ್ಟರ ಕಾಲದಿಂದ ಕಣ್ಣಿಗೆ ಕಾಣುತ್ತಿದ್ದ ರೂಪಕ್ಕೆ ಅರ್ಧ ಶತಮಾನದ ಮೇಲೆ ಕಾರಣ ದೊರೆಯಿತು. ರೋಗವು ಹರಡುವ ರೀತಿಯೂ ವಿಶಿಷ್ಟವಾದುದು. ಮೂಳೆಗಳಲ್ಲದೆ ಉದರದ ಒಳಪೊರೆ, ಜಠರ, ಕರುಳು, ಅಂಡಾಶಯ, ಮಿದುಳಿನ ಪೊರೆಗಳು ಎಂಬ ಸ್ಥಳಗಳನ್ನು ಇದು ಇತರ ಸ್ತನ ಕ್ಯಾನ್ಸರುಗಳಿಗಿಂತ ಹೆಚ್ಚಾಗಿ ಹಿಡಿಯುತ್ತದೆ, ಶ್ವಾಸಕೋಶವನ್ನು ಕಡಮೆಯಾಗಿ. ಹೊಟ್ಟೆನೋವು, ಊಟ ಸೇರದಿರುವುದು ಎಂಬ ಸಾಮಾನ್ಯ ದೂರುಗಳ ಹಿಂದೆ ಹಲವು ವರ್ಷಗಳ ಹಿಂದಿನ ಸ್ತನರೋಗವೇ ಅಡಗಿರುವುದುಂಟು.

ಇನ್ನು ಔಷಧದ ವಿಷಯ. ಲಾಬ್ಯುಲರ್ ಕ್ಯಾನ್ಸರುಗಳಲ್ಲಿ ನೂರಕ್ಕೆ ಸುಮಾರು ೯೦ರಲ್ಲಿ ಈಸ್ಟ್ರೋಜನ್ ಗ್ರಾಹಕವುಂಟು. ಆದುದರಿಂದ ಹಾರ್ಮೋನ್ ಮಾರ್ಗದ ಫಲವು ಈ ರೋಗಿಗಳಿಗೆ, ಅವರ ಹೆಸರನ್ನು ಯಾರೂ ಪ್ರತ್ಯೇಕವಾಗಿ ಕೇಳದಿದ್ದರೂ, ದೊರೆಯುತ್ತ ಬಂದಿತು. ಆದರೆ ಆಧಾರವನ್ನು ಒದಗಿಸಿದ ಪ್ರಯೋಗಗಳಲ್ಲಿ ಅವರ ಸ್ಥಾನವೇನು? ಔಷಧ ಫಲಿಸಿತೇ ಎಂದು ತಿಳಿಯಲು ಚಿತ್ರದಲ್ಲಿ ಗಂಟಿನ ಅಳತೆಯನ್ನು ಹಿಡಿಯುವುದು ವಾಡಿಕೆ. ೨೦೦೦ ಮತ್ತು ೨೦೦೯ರಲ್ಲಿ ಇದಕ್ಕೆ ಅಂತರರಾಷ್ಟ್ರೀಯ ನಿಯಮಗಳೇ ಏರ್ಪಟ್ಟವು. ಪೊರೆಗಳ ಮೇಲೆ ತೆಳುವಾಗಿ ಹಬ್ಬುವ ರೋಗವು ಈ ಅಳತೆಗೆ ಸಿಕ್ಕುವುದಿಲ್ಲ. ಅಳೆಯಬಲ್ಲ ಗಂಟು ಇರಲೇಬೇಕೆಂದು ವಿಧಿಸಿದ ಪ್ರಯೋಗಗಳಿಂದ ಅಂಥವರು ಹೊರಗುಳಿದರು. ಸೇರಿದವರೂ ಬಹುಸಂಖ್ಯಾತರ ಲೆಕ್ಕದಲ್ಲಿ ಕರಗಿಹೋದರು.

ಪ್ರತ್ಯೇಕವಾಗಿ ಎಣಿಸಿದಾಗ ಏನು ಕಂಡೀತೆಂಬುದಕ್ಕೆ ಒಂದು ನಿದರ್ಶನವುಂಟು. ಶಸ್ತ್ರಚಿಕಿತ್ಸೆಯಾದ, ಇನ್ನೂ ಹರಡದ ರೋಗದ ಒಂದು ದೊಡ್ಡ ಪ್ರಯೋಗವನ್ನು ೨೦೧೫ರಲ್ಲಿ ಮರುಪರಿಶೀಲಿಸಿದಾಗ, ಎಂಟು ವರ್ಷಗಳ ಮೇಲೆ ರೋಗ ಮರುಕಳಿಸದೆ ಉಳಿದವರು ಲಾಬ್ಯುಲರ್ ಪ್ರಭೇದದಲ್ಲಿ ಲೆಟ್ರೊಜೋಲ್ ಪಡೆದ ನೂರರಲ್ಲಿ ೮೨ ಮಂದಿ, ಟಾಮಾಕ್ಸಿಫೆನ್ ಪಡೆದ ನೂರರಲ್ಲಿ ೬೬ ಮಂದಿ. ಸಾಮಾನ್ಯ ಪ್ರಭೇದದಲ್ಲಿ ಈ ಸಂಖ್ಯೆಗಳು ೮೨ ಮತ್ತು ೭೫. ಒಟ್ಟು ಲೆಕ್ಕದಲ್ಲಿ ಚಿಕ್ಕದಾಗಿ ತೋರುತ್ತಿದ್ದ ಅಂತರವು ಲಾಬ್ಯುಲರ್ ರೋಗಿಗಳ ಪಾಲಿಗೆ ದೊಡ್ಡದಾಗಿತ್ತು. ಇದು ಹರಡಿದ ರೋಗಕ್ಕೆ ಸಂಬಂಧಿಸಿದುದಲ್ಲವಾದರೂ, ಹೆಸರು ಕೇಳಿ ಎಣಿಸುವುದರ ಅಗತ್ಯವನ್ನು ಚೆನ್ನಾಗಿ ತೋರಿಸುತ್ತದೆ. ಹರಡಿದ ರೋಗದಲ್ಲಿ ಸಿಡಿಕೆ ತಡೆಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ ೨೦೨೦ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಪರಿಶೀಲಿಸಿದಾಗ, ಲಾಬ್ಯುಲರ್ ರೋಗಿಗಳಿಗೂ ಅವುಗಳಿಂದ ಪ್ರಯೋಜನವಿರುವುದು ಕಂಡುಬಂದಿತು.

೫

ಮೇಲಿನ ವಿಮರ್ಶೆಯಿಂದ ಇಂದಿನ ಪದ್ಧತಿಯ ಅರ್ಥ ಸ್ಪಷ್ಟವಾಗುತ್ತದೆ. ಹರಡಿದ ಸ್ಥಳದಿಂದ ಸಾಧ್ಯವಾದರೆ ತುಣುಕನ್ನು ತೆಗೆದು ಗ್ರಾಹಕಗಳನ್ನು ಮತ್ತೊಮ್ಮೆ ಪರೀಕ್ಷಿಸುತ್ತಾರೆ. ಈಸ್ಟ್ರೋಜನ್ ಗ್ರಾಹಕವಿದ್ದು ಹರ್-೨ ಎಂಬ ಪ್ರೋಟೀನಿನ ಆಧಿಕ್ಯವಿಲ್ಲದಿದ್ದರೆ, ಲಾಬ್ಯುಲರ್ ರೋಗದಲ್ಲಿ ಬಹುಪಾಲು ಇರುವಂತೆ, ಅರೋಮಟೇಸ್ ತಡೆಯೊಡನೆ ಸಿಡಿಕೆ ತಡೆಯನ್ನು ಕೊಟ್ಟು ಪ್ರಾರಂಭಿಸುವುದು ಈಗಿನ ಸಾಮಾನ್ಯ ಕ್ರಮ. ಮುಖ್ಯಾಂಗವೊಂದು ಶೀಘ್ರವಾಗಿ ವಿಫಲವಾಗುತ್ತಿದ್ದರೆ ಮಾತ್ರ ಕೀಮೋಥೆರಪಿಗೆ ಪ್ರಾಶಸ್ತ್ಯ. ಇದರ ಬೆಲೆ ನಮ್ಮ ದೇಶದ ಕುಟುಂಬಗಳಿಗೆ ಬಹುಕಾಲ ನಿಲುಕದಂತಿತ್ತು. ೨೦೨೩ರಲ್ಲಿ ಪಾಲ್ಬೊಸಿಕ್ಲಿಬ್‌ನ ಪೇಟೆಂಟು ಭಾರತದಲ್ಲಿ ಮುಗಿದ ಮೇಲೆ ದೇಶೀಯ ತಯಾರಕರ ಮಾತ್ರೆಗಳು ಕಡಮೆ ಬೆಲೆಗೆ ಬಂದವು.

ಬೀಟ್ಸನ್ ರೋಗಿಯ ಅಂಡಾಶಯಗಳನ್ನು ನೋಡಿದನು. ಹ್ಯಾಡೊ ಅವಳ ವಯಸ್ಸನ್ನು ನೋಡಿದನು. ಜೆನ್ಸನ್ ಕ್ಯಾನ್ಸರಿನ ಗ್ರಾಹಕವನ್ನು ನೋಡಿದನು. ಪ್ರತಿಯೊಂದು ಹೆಜ್ಜೆಯಲ್ಲಿಯೂ ವ್ಯರ್ಥವಾಗಿ ಕಷ್ಟಪಟ್ಟವರ ಸಂಖ್ಯೆ ತಗ್ಗಿತು. ೧೯೪೧ರಲ್ಲಿಯೇ ಹೆಸರು ಪಡೆದ ಲಾಬ್ಯುಲರ್ ರೋಗವನ್ನು ಅದರ ಹೆಸರಿನಿಂದಲೇ ಕರೆದು, ಅದಕ್ಕೆ ತಕ್ಕ ಅಳತೆಗೋಲಿನಿಂದ ಅಳೆದು, ಪ್ರತ್ಯೇಕವಾಗಿ ಪ್ರಯೋಗಿಸಿ ನೋಡುವ ಕಾರ್ಯವು ಮಾತ್ರ ಇತ್ತೀಚಿನದು. ಈ ರೋಗಿಗಳು ಇಂದು ಪಡೆಯುತ್ತಿರುವ ಪ್ರಥಮ ಔಷಧವು ಯುಕ್ತವಾದುದೆಂದು ನಂಬಲು ಸಾಕಷ್ಟು ಕಾರಣಗಳಿವೆ. ಆದರೆ ಅದರ ಆಧಾರದ ಬಹುಭಾಗವು ಇತರರಿಂದ ಎರವಲು ಬಂದುದು. ಆ ಎರವಲನ್ನು ಸ್ವಂತ ಪ್ರಮಾಣವನ್ನಾಗಿ ಮಾಡುವುದು ಮುಂದಿನ ಸಂಶೋಧಕರಿಗೆ ಉಳಿದಿರುವ ಕರ್ತವ್ಯವೆಂದು ನಾವು ಭಾವಿಸುತ್ತೇವೆ.